ಅಂಕಿತದ ಗಿಟಾರು ಮತ್ತು ಅದರ ಮೂರು ಗುಂಡಿಗಳು

ಕಳೆದ ಶ್ರಾವಣದಲ್ಲಿ ಡೊಂಬಿವಲಿಯ ನನ್ನ ತಂಗಿಯ ಮನೆಗೆ ಒಂದು ಗಿಟಾರು ವಾರದ ಮಟ್ಟಿಗೆ ಅತಿಥಿಯಾಗಿ ಬಂದಿತ್ತು. ಸೋದರಳಿಯನ ಕಚೇರಿಯ ಹಿರಿಯರೊಬ್ಬರು ಅದನ್ನು ಮಾರಲಿದ್ದರು. "ಮನೆಯಲ್ಲಿಟ್ಟು ಬಾರಿಸಿ ನೋಡು, ಮನಸ್ಸಿಗೆ ಬಂದರೆ ತೆಗೆದುಕೋ" ಎಂದಿದ್ದರಂತೆ. ಬೆಲೆ ಕೇಳಿದ ತಂಗಿ ಅಡಿಗೆಮನೆಯಿಂದ ಒಮ್ಮೆ ಇಣುಕಿ ನೋಡಿ, ಏನೂ ಹೇಳದೆ ಒಳಗೆ ಹೋದಳು. ಭಾವನವರು ಮಾತ್ರ ನನ್ನನ್ನು ಬಿಡಲಿಲ್ಲ. "ಮೂವತ್ತು ವರ್ಷ ರೇಡಿಯೋ, ಆಂಪ್ಲಿಫೈಯರ್‌ಗಳಿಗೆ ಬೆಸುಗೆ ಹಾಕಿದವರು ನೀವು. ಇದರೊಳಗೆ ಅಂಥದ್ದೇನಿದೆ, ನೋಡಿ ಹೇಳಿ" ಎಂದರು. ಆ ನೋಟದ ಫಲವೇ ಈ ಲೇಖನ. ಪುಸ್ತಕಕ್ಕೆ, ನಾಟಕಕ್ಕೆ ವಿಮರ್ಶೆ ಇರುವಾಗ ವಾದ್ಯಕ್ಕೆ ಏಕಿರಬಾರದು?

ಅದು ಅಮೆರಿಕದ ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರು. ಅದರ ತಲೆಯ ಮೇಲೆ ಇಂಗ್ಲೆಂಡಿನ ಪ್ರಸಿದ್ಧ ವಾದಕ ಎರಿಕ್ ಕ್ಲ್ಯಾಪ್ಟನ್‌ನ ಸಹಿ ಇದೆ. 1988ರಲ್ಲಿ ಹೊರಬಂದ ಈ ಮಾದರಿ, ಫೆಂಡರ್ ಕಂಪನಿ ಒಬ್ಬ ವಾದಕನ ಹೆಸರಿನಲ್ಲಿ ತಂದ ಮೊದಲ ಸ್ಟ್ರಾಟೊಕಾಸ್ಟರ್. ಸಹಿಯೊಂದು ವಾದ್ಯದ ಮೇಲೆ ಬಂದರೆ ಅದರ ಬೆಲೆ ಏರುತ್ತದೆ. ನಾದವೂ ಏರುತ್ತದೆಯೆ ಎಂಬುದೇ ನಮ್ಮ ಮುಂದಿದ್ದ ಪ್ರಶ್ನೆ.

ಮೊದಲು ಸಾಧಾರಣ ಗಿಟಾರಿನ ಹೊಟ್ಟೆಯೊಳಗೆ ಏನಿದೆ ಎಂದು ನೋಡೋಣ. ತಂತಿಯ ಕೆಳಗೆ ಅಯಸ್ಕಾಂತಗಳಿವೆ. ಅವುಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದಾರೆ. ಇದಕ್ಕೆ ಪಿಕ್‌ಅಪ್ ಎಂದು ಹೆಸರು. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದು ಆಂಪ್ಲಿಫೈಯರಿಗೆ ಹೋಗುವ ದಾರಿಯಲ್ಲಿ ವಾಲ್ಯೂಮ್ ಮತ್ತು ಟೋನ್ ಎಂಬ ಗುಂಡಿಗಳಿವೆ. ಟೋನ್ ಗುಂಡಿಯ ಹಿಂದೆ ಒಂದು ಕೆಪಾಸಿಟರ್ ಇರುತ್ತದೆ. ಹಳೆಯ ರೇಡಿಯೋದವರು ಅದನ್ನು ಕಂಡೆನ್ಸರ್ ಎನ್ನುತ್ತಿದ್ದರು. ಅದರ ಸ್ವಭಾವವೆಂದರೆ, ತೀಕ್ಷ್ಣವಾದ ಮೇಲಿನ ಸ್ವರಾಂಶಗಳನ್ನು ಸುಲಭವಾಗಿ ಹಾಯಗೊಡುವುದು, ಕೆಳಗಿನ ಗಂಭೀರ ಅಂಶಗಳನ್ನು ತಡೆಯುವುದು. ಗುಂಡಿಯನ್ನು ಸೊನ್ನೆಯ ಕಡೆಗೆ ತಿರುಗಿಸಿದಷ್ಟೂ ತೀಕ್ಷ್ಣ ಅಂಶಗಳು ಈ ಕೆಪಾಸಿಟರಿನ ಮೂಲಕ ಅರ್ತಿಗೆ ಇಳಿದುಹೋಗುತ್ತವೆ. ಉಳಿದದ್ದು ಆಂಪ್ಲಿಫೈಯರಿಗೆ ಸಲ್ಲುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಈ ಟೋನ್ ಗುಂಡಿ ಏನನ್ನೂ ಕೊಡುವುದಿಲ್ಲ. ತೆಗೆಯುವುದು ಮಾತ್ರ ಅದರ ಕೆಲಸ. ಹತ್ತರಲ್ಲಿ ಇಟ್ಟರೆ "ಹೆಚ್ಚು ಟೋನ್" ಬಂತು ಎಂದು ಹುಡುಗರು ತಿಳಿಯುತ್ತಾರೆ. ನಿಜವಾಗಿ ಬಂದದ್ದು ಕಡಿಮೆ ನಷ್ಟ, ಅಷ್ಟೆ. ಅಕ್ಕಿ ಕೇರುವ ಮೊರದಿಂದ ಅಕ್ಕಿ ಹೆಚ್ಚುವುದಿಲ್ಲವಷ್ಟೆ!

ಸ್ಟ್ರಾಟೊಕಾಸ್ಟರ್ ಮೊದಲು ಬಂದದ್ದು 1954ರಲ್ಲಿ. ಅದನ್ನು ರೂಪಿಸಿದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವನು. ಆತನಿಗೆ ಗಿಟಾರು ಬಾರಿಸಲು ಬರುತ್ತಿರಲಿಲ್ಲ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ಆತ ಮೂರು ಪಿಕ್‌ಅಪ್‌ಗಳನ್ನಿಟ್ಟ, ಒಂದು ವಾಲ್ಯೂಮ್ ಮತ್ತು ಎರಡು ಟೋನ್ ಗುಂಡಿಗಳನ್ನಿಟ್ಟ, ಯಾವ ಪಿಕ್‌ಅಪ್ ಬೇಕೆಂದು ಆರಿಸಲು ಮೂರು ಸ್ಥಾನಗಳ ಸ್ವಿಚ್ಚನ್ನಿಟ್ಟ. ಆದರೆ ವಾದಕರು ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ಜಾಣತನದಿಂದ ನಿಲ್ಲಿಸಿ, ಎರಡು ಪಿಕ್‌ಅಪ್‌ಗಳು ಒಟ್ಟಿಗೆ ನುಡಿಯುವ ಹೊಸದೊಂದು ನಾದವನ್ನು ಕಂಡುಕೊಂಡರು. ಕಂಪನಿ ಐದು ಸ್ಥಾನಗಳ ಸ್ವಿಚ್ಚು ಕೊಟ್ಟದ್ದು 1977ರಲ್ಲಿ. ಕಾರ್ಖಾನೆ ಅರ್ಧ ಮಾಡಿದ ವಾದ್ಯವನ್ನು ಕೈಗಳು ಪೂರ್ತಿ ಮಾಡಿದವು ಎನ್ನಬಹುದು. ಹಾಗೆ ನೋಡಿದರೆ, ವಾದಕನ ಹೆಸರಿನ ಗಿಟಾರು ಎಂಬುದು ಈ ಋಣವನ್ನು ಕಂಪನಿ ಬಹಿರಂಗವಾಗಿ ಒಪ್ಪಿಕೊಂಡ ರೀತಿ.

ಇನ್ನು ಕ್ಲ್ಯಾಪ್ಟನ್. ಆತ ಈ ಸಹಿಯ ಗಿಟಾರಿಗೆ ಬರುವ ಮುನ್ನ ನಡೆದ ದಾರಿಯನ್ನು ನೋಡದೆ ಇದರ ಗುಂಡಿಗಳು ಅರ್ಥವಾಗುವುದಿಲ್ಲ. ಅರವತ್ತರ ದಶಕದ ಕೊನೆಯಲ್ಲಿ, ಕ್ರೀಮ್ ಎಂಬ ಮೂವರ ತಂಡದಲ್ಲಿದ್ದಾಗ, ಆತ ಬಾರಿಸುತ್ತಿದ್ದುದು ಹೆಚ್ಚಾಗಿ ಗಿಬ್ಸನ್ ಕಂಪನಿಯ ಗಿಟಾರುಗಳನ್ನು. ಅವುಗಳ ಪಿಕ್‌ಅಪ್ಪಿನಲ್ಲಿ ಎರಡು ಸುರುಳಿಗಳು. ನಾದ ಸಹಜವಾಗಿಯೇ ದಪ್ಪ. ಆತ ಟೋನ್ ಗುಂಡಿಯನ್ನು ಸೊನ್ನೆಗೆ ಇಳಿಸಿ, ವಾಲ್ಯೂಮನ್ನು ಏರಿಸಿ, ಮಾರ್ಷಲ್ ಆಂಪ್ಲಿಫೈಯರನ್ನು ಅದರ ಮಿತಿಯಾಚೆಗೆ ದೂಡುತ್ತಿದ್ದ. ಗಿಟಾರಿನಲ್ಲಿ ತೀಕ್ಷ್ಣತೆಯನ್ನೆಲ್ಲ ತೆಗೆದ ಮೇಲೆ, ಒತ್ತಡಕ್ಕೆ ಸಿಕ್ಕ ಆಂಪ್ಲಿಫೈಯರು ತಾನೇ ಹೊಸ ಮೇಲ್ಸ್ವರಗಳನ್ನು ಹುಟ್ಟಿಸುತ್ತಿತ್ತು. ಫಲವಾಗಿ ಬಂದದ್ದು ಮನುಷ್ಯಕಂಠವನ್ನು ಹೋಲುವ, ಕೊಳಲಿನಂತೆ ದುಂಡಾದ ನಾದ. ಅದಕ್ಕೆ "ಹೆಣ್ಣುದನಿ" ಎಂಬರ್ಥದ ಇಂಗ್ಲಿಷ್ ಹೆಸರೇ ಬಿದ್ದಿತು. 1967ರ "ಸನ್‌ಶೈನ್ ಆಫ್ ಯುವರ್ ಲವ್" ಹಾಡಿನ ನಡುವಣ ವಾದನದಲ್ಲಿ ಅದನ್ನು ಇಂದಿಗೂ ಕೇಳಬಹುದು. ಕಳೆಯುವುದರಿಂದಲೇ ಒಂದು ಕಂಠ ಹುಟ್ಟಿದ್ದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ನನಗೆ ಗೊತ್ತಿಲ್ಲ.

1970ರ ಸುಮಾರಿಗೆ ಆತ ಫೆಂಡರಿನ ಕಡೆಗೆ ತಿರುಗಿದ. ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ ಹಲವು ಹಳೆಯ ಸ್ಟ್ರಾಟೊಕಾಸ್ಟರ್‌ಗಳನ್ನು ಕೊಂಡು, ಕೆಲವನ್ನು ಗೆಳೆಯರಿಗೆ ಕೊಟ್ಟು, ಉಳಿದ ಮೂರರ ಒಳ್ಳೆಯ ಭಾಗಗಳನ್ನು ಸೇರಿಸಿ ಒಂದು ಕಪ್ಪು ಗಿಟಾರನ್ನು ಜೋಡಿಸಿಕೊಂಡ. ಅದೇ "ಬ್ಲ್ಯಾಕಿ". ಬ್ಯಾಟರಿಯಿಲ್ಲ, ವಿಶೇಷ ಗುಂಡಿಯಿಲ್ಲ. ಎಂಬತ್ತರ ದಶಕದ ನಡುವಿನವರೆಗೆ ಅದೇ ಆತನ ಸಂಗಾತಿ. ಅದು ಸವೆದು ಹಣ್ಣಾದಾಗ ಹೊಸದು ಬೇಕಾಯಿತು. ಆಗ ಆತ ಬಯಸಿದ್ದು ಫೆಂಡರಿನ ಮೈಯಲ್ಲಿ ಗಿಬ್ಸನ್ನಿನ ದಪ್ಪ ನಾದವನ್ನು.

ಹೀಗೆ ಹುಟ್ಟಿದ 1988ರ ಗಿಟಾರಿನಲ್ಲಿಯೂ ಮೂರು ಗುಂಡಿಗಳೇ ಇವೆ. ಕೆಲಸ ಮಾತ್ರ ಬೇರೆ. ಒಂದನೆಯದು ಮೂರು ಪಿಕ್‌ಅಪ್‌ಗಳಿಗೂ ಸೇರಿದ ವಾಲ್ಯೂಮ್. ಎರಡನೆಯದು ಟಿಬಿಎಕ್ಸ್ ಎಂಬ ಟೋನ್ ಗುಂಡಿ. ಐದರ ಬಳಿ ತಿರುಗುವಾಗ ಅದು ಬೆರಳಿಗೆ ಟಕ್ಕೆಂದು ತಿಳಿಯುವಂತೆ ನಿಲ್ಲುತ್ತದೆ. ಸೊನ್ನೆಯಿಂದ ಐದರವರೆಗೆ ಹಳೆಯ ಟೋನ್ ಗುಂಡಿಯಂತೆಯೇ ವರ್ತನೆ. ಐದರಿಂದಾಚೆಗೆ ಸರ್ಕ್ಯೂಟಿನ ಹೊರೆ ಕಡಿಮೆಯಾಗಿ, ಸಾಮಾನ್ಯವಾಗಿ ಸೋರಿಹೋಗುತ್ತಿದ್ದ ತೀಕ್ಷ್ಣತೆಯೂ ಉಳಿಯುತ್ತದೆ. ಹೆಸರಿನಲ್ಲಿ "ವಿಸ್ತಾರ" ಎಂದಿದ್ದರೂ ಒಳಗೆ ನಡೆಯುವುದು ಸೋರಿಕೆಯ ತಡೆ. ಕಂಪನಿಗಳ ನಾಮಕರಣವನ್ನು ನಂಬಬಾರದು ಎನ್ನುವುದಕ್ಕೆ ಇದೊಂದು ನಿದರ್ಶನ.

ಮೂರನೆಯ ಗುಂಡಿಯೇ ಈ ವಾದ್ಯದ ತಿರುಳು. ಅದರ ಹಿಂದೆ ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ನಡೆಯುವ ಸಣ್ಣದೊಂದು ಆಂಪ್ಲಿಫೈಯರೇ ಕೂತಿದೆ. ನಾದದ ನಡುಭಾಗವನ್ನು, ಅಂದರೆ ಅತಿ ಗಂಭೀರವೂ ಅಲ್ಲದ ಅತಿ ತೀಕ್ಷ್ಣವೂ ಅಲ್ಲದ ಅಂಶವನ್ನು, ಇದು 25 ಡೆಸಿಬೆಲ್‌ವರೆಗೆ ಏರಿಸಬಲ್ಲದು. ಲೆಕ್ಕದಲ್ಲಿ ಹೇಳುವುದಾದರೆ ಆ ಭಾಗದ ವೋಲ್ಟೇಜು ಸುಮಾರು ಹದಿನೆಂಟು ಪಟ್ಟಾಗುತ್ತದೆ. ಫೆಂಡರಿನ 1983ರ ಎಲೀಟ್ ಮಾದರಿಯಲ್ಲಿಯೂ ಇಂಥ ಗುಂಡಿ ಇತ್ತು, ಆದರೆ ಅದರ ಏರಿಕೆ 12 ಡೆಸಿಬೆಲ್ ಮಾತ್ರ. ಕ್ಲ್ಯಾಪ್ಟನ್‌ಗೆ ಅಷ್ಟು ಸಾಲಲಿಲ್ಲ. ಇಷ್ಟು ಏರಿಸಿದರೆ ಗುಂಯ್‌ಗುಡುವಿಕೆಯೂ ಏರಬೇಕಲ್ಲ? ಅದಕ್ಕಾಗಿ ಗದ್ದಲ ಕಡಿಮೆಯಿರುವ ಲೇಸ್ ಸೆನ್ಸರ್ ಪಿಕ್‌ಅಪ್‌ಗಳನ್ನು ಹಾಕಿದರು. 2001ರಿಂದ ವಿಂಟೇಜ್ ನಾಯ್ಸ್‌ಲೆಸ್ ಎಂಬವು ಬಂದವು. ತಂಗಿಯ ಮನೆಗೆ ಬಂದದ್ದು ಈ ಎರಡನೆಯ ಬಗೆಯದು.

ಇಷ್ಟು ತಿಳಿದ ಮೇಲೆ ಗುಣದೋಷ ಹೇಳಬಹುದು. ದೊಡ್ಡ ಗುಣವೆಂದರೆ, ದಪ್ಪನಾದವು ಕಾಲಡಿಯ ಪೆಡಲಿನಲ್ಲಿರದೆ ಕೈಗೆ ಎಟಕುವಂತಿದೆ. ಸ್ವಿಚ್ಚಿನಂತೆ ಇದೆ ಅಥವಾ ಇಲ್ಲ ಎಂಬ ಎರಡೇ ಮಾತಲ್ಲ. ಒಂದು ಸ್ವರಸಂಚಾರದ ನಡುವೆಯೇ ಸ್ವಲ್ಪ ಸ್ವಲ್ಪವಾಗಿ ಏರಿಸಬಹುದು. ಸೊನ್ನೆಯಲ್ಲಿಟ್ಟರೆ ಹಳೆಯ ಫೆಂಡರಿನ ಗಂಟೆಯಂಥ ತಿಳಿನಾದಕ್ಕೆ ಬಹಳ ಹತ್ತಿರ. ಇನ್ನೊಂದು ಪ್ರಾಮಾಣಿಕತೆಯನ್ನೂ ಮೆಚ್ಚಬೇಕು. ತಂತಿಗಳನ್ನು ಸಡಿಲಿಸಿ ಬಿಗಿದು ಸ್ವರ ಅಲುಗಿಸುವ ಸನ್ನೆಗೋಲಿನ ಏರ್ಪಾಡನ್ನು ಕ್ಲ್ಯಾಪ್ಟನ್ ಬಳಸುವುದಿಲ್ಲ. ಆದ್ದರಿಂದ ಅವನ ಮಾದರಿಯಲ್ಲಿ ಅದು ಅಲುಗದಂತೆ ಮರದ ತುಂಡೊಂದನ್ನು ಸಿಕ್ಕಿಸಿದ್ದಾರೆ. ತನಗೆ ಬೇಡವಾದದ್ದನ್ನು ಬೇಡವೆನ್ನುವುದೂ ಒಂದು ಸಹಿಯೇ.

ದೋಷಗಳೂ ಇವೆ. ಮೂಲದ ಎರಡು ಟೋನ್ ಗುಂಡಿಗಳಿಂದ ಕುತ್ತಿಗೆಯ ಪಿಕ್‌ಅಪ್ಪನ್ನೂ ನಡುವಣದನ್ನೂ ಬೇರೆ ಬೇರೆಯಾಗಿ ಮಂಕಾಗಿಸಬಹುದಿತ್ತು. ಇಲ್ಲಿ ಎಲ್ಲಕ್ಕೂ ಒಂದೇ ಗುಂಡಿ. ಬ್ಯಾಟರಿ ಸೊರಗಿದಂತೆ ನಾದವೂ ಒಡೆಯುತ್ತದೆ, ಆದ್ದರಿಂದ ಜೇಬಿನಲ್ಲಿ ಇನ್ನೊಂದಿರಬೇಕು. ಮೂರನೆಯದು ಮುಖ್ಯವಾದದ್ದು. ಮೂರನೆಯ ಗುಂಡಿಯನ್ನು ಹತ್ತಕ್ಕೆ ಏರಿಸಿದಾಗ ಮೆದುವಾಗಿ ಮೀಟಿದರೂ ಜೋರಾಗಿ ಮೀಟಿದರೂ ವ್ಯತ್ಯಾಸ ಕುಗ್ಗುತ್ತದೆ. ಬೆರಳಿನ ತಪ್ಪು ಮುಚ್ಚಿಹೋಗುತ್ತದೆ. ಬೆರಳಿನ ಒಪ್ಪೂ ಮುಚ್ಚಿಹೋಗುತ್ತದೆ. ಕಲಿಯುವವನಿಗೆ ಇದು ಉಪಕಾರವೆಂದು ನನಗೆ ತೋರುವುದಿಲ್ಲ.

ಡೊಂಬಿವಲಿಯ ಮನೆಯಲ್ಲಿ ಆದದ್ದೂ ಅದೇ. ಹುಡುಗ ಮೊದಲ ದಿನವೇ ಮೂರನೆಯ ಗುಂಡಿಯನ್ನು ತುದಿಗೆ ತಿರುಗಿಸಿದ. ಅವನ ಮನಸ್ಸಿನಲ್ಲಿದ್ದುದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. 1991ರಲ್ಲಿ ಕ್ಲ್ಯಾಪ್ಟನ್ ಅಲ್ಲಿ ಇಪ್ಪತ್ತನಾಲ್ಕು ರಾತ್ರಿ ಕಚೇರಿ ಮಾಡಿದ್ದ. ಆದರೆ ಇಲ್ಲಿದ್ದುದು ಎರಡು ಕೋಣೆಯ ಮನೆ, ಗೋಡೆಯಾಚೆ ಪರೀಕ್ಷೆಗೆ ಓದುವ ಮಕ್ಕಳು, ಟಿಫಿನ್ ಡಬ್ಬಿಗಿಂತ ತುಸು ದೊಡ್ಡದಾದ ಆಂಪ್ಲಿಫೈಯರು. ಬಂದದ್ದು ಕೆಸರಿನಂಥ ನಾದ. "ಮಾವ, ಇದು ಕೆಟ್ಟಿದೆಯಾ?" ಎಂದು ಕೇಳಿದ. ಕೆಟ್ಟಿರಲಿಲ್ಲ. ಆ ಏರಿಕೆಯನ್ನು ನುಂಗಿ ಹಾಡಬಲ್ಲ ದೊಡ್ಡ ಆಂಪ್ಲಿಫೈಯರು, ಅದನ್ನು ತೆರೆಯಬಲ್ಲ ದೊಡ್ಡ ಸಭಾಂಗಣ ನಮ್ಮಲ್ಲಿರಲಿಲ್ಲ. ಗಿಟಾರಿನ ಸರ್ಕ್ಯೂಟು ಅರ್ಧ ವಾಕ್ಯ ಮಾತ್ರ, ಉಳಿದರ್ಧವನ್ನು ಆಂಪ್ಲಿಫೈಯರು ಹೇಳಬೇಕು.

ಇಲ್ಲಿ ಹೆಸರಿನ ಬಗ್ಗೆಯೂ ಒಂದು ಮಾತು. ಊರು ಬಿಟ್ಟು ಬಂದ ನಮ್ಮಂಥವರು ಇದನ್ನು ತಿಳಿದಿರಬೇಕು. 1976ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮಿನ ವೇದಿಕೆಯಿಂದ ಇದೇ ಕ್ಲ್ಯಾಪ್ಟನ್ ವಲಸಿಗರ ವಿರುದ್ಧ ಕಟುವಾಗಿ ಮಾತಾಡಿದ. ಕರಿಯರ ಬ್ಲೂಸ್ ಸಂಗೀತದಿಂದ ತನ್ನ ಕಲೆಯನ್ನೆಲ್ಲ ಪಡೆದವನ ಬಾಯಿಂದ ಆ ಮಾತು ಬಂದದ್ದು ಬ್ರಿಟನ್ನಿನಲ್ಲಿ ಹಲವರನ್ನು ಕೆರಳಿಸಿತು. "ರಾಕ್ ಅಗೇನ್‌ಸ್ಟ್ ರೇಸಿಸಂ" ಎಂಬ ಚಳವಳಿಯೇ ಅದರ ಬೆನ್ನಿಗೆ ಹುಟ್ಟಿತು. ಬಹುಕಾಲದ ನಂತರ ಆತ ಅದಕ್ಕಾಗಿ ನಾಚಿಕೆಪಟ್ಟುಕೊಂಡದ್ದೂ ಉಂಟು. 2004ರಲ್ಲಿ ಬ್ಲ್ಯಾಕಿಯ ಹರಾಜಿನಿಂದ ಬಂದ 9,59,500 ಡಾಲರನ್ನು, ವ್ಯಸನಿಗಳ ಚಿಕಿತ್ಸೆಗೆಂದು ತಾನು ಸ್ಥಾಪಿಸಿದ ಕೇಂದ್ರಕ್ಕೆ ಕೊಟ್ಟದ್ದೂ ಉಂಟು. ಎರಡನ್ನೂ ಹೇಳುವುದು ನ್ಯಾಯ. ಹೆಸರು ಎಂಬುದು ಮನುಷ್ಯನ ಎಲ್ಲವನ್ನೂ ಹೊತ್ತು ಬರುತ್ತದೆ. ಸರ್ಕ್ಯೂಟು ಹೊತ್ತು ತರುವುದು ಅವನ ಕಿವಿಯ ಆಯ್ಕೆಯನ್ನು ಮಾತ್ರ. ನಾವು ಕೊಳ್ಳುವುದಾದರೆ ಅದನ್ನಷ್ಟೇ ಕೊಳ್ಳಬೇಕು.

ನಮ್ಮಲ್ಲಿಯೂ ಸಹಿ ಇದೆ, ಅದಕ್ಕೆ ಅಂಕಿತವೆನ್ನುತ್ತೇವೆ. ವಚನಕಾರರೂ ದಾಸರೂ ಅದನ್ನಿಟ್ಟದ್ದು ರಚನೆಯ ಕೊನೆಯಲ್ಲಿ, ಹೇಳಬೇಕಾದದ್ದನ್ನು ಹೇಳಿಯಾದ ಮೇಲೆ. ದಾಸಪಂಥದಲ್ಲಿ ಗುರುವಿನಿಂದ ಅಂಕಿತ ಪಡೆಯಲು ಯೋಗ್ಯತೆ ಬೇಕಿತ್ತು. ಅಂಗಡಿಯ ಗಿಟಾರಿನಲ್ಲಿ ಅಂಕಿತ ಮೊದಲೇ ಬಂದುಬಿಡುತ್ತದೆ, ಅದೂ ಇನ್ನೊಬ್ಬರದು. ಹಾಡು ಇನ್ನೂ ಆಗಬೇಕು.

ಕೊನೆಗೆ ನಾನು ಭಾವನವರಿಗೆ ಹೇಳಿದ್ದು ಇಷ್ಟು: ವಾದ್ಯ ಉತ್ತಮವಾದದ್ದು, ಮೂರನೆಯ ಗುಂಡಿ ನಿಜಕ್ಕೂ ಉಪಯುಕ್ತ, ಆದರೆ ಹುಡುಗನಿಗೆ ಈಗ ಬೇಕಾದದ್ದು ಅದಲ್ಲ. ಆ ದುಡ್ಡಿನ ಒಂದು ಪಾಲಿನಲ್ಲಿ ಸಾಧಾರಣ ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರೊಂದನ್ನೂ ತಕ್ಕಮಟ್ಟಿನ ಆಂಪ್ಲಿಫೈಯರನ್ನೂ ಕೊಳ್ಳಬಹುದು. ಕೊಂಡ ಮೇಲೆ ಒಂದು ತಿಂಗಳು ಟೋನ್ ಗುಂಡಿಯನ್ನು ಹತ್ತರಿಂದ ಸೊನ್ನೆಗೆ ನಿಧಾನವಾಗಿ ಇಳಿಸುತ್ತ, ಪ್ರತಿ ಅಂಕಿಗೂ ಏನು ಹೋಯಿತು, ಏನು ಉಳಿಯಿತು ಎಂದು ಕೇಳಲಿ. ವಾಲ್ಯೂಮನ್ನು ಏಳಕ್ಕೆ ಇಳಿಸಿ, ಬೆರಳಿನಿಂದಲೇ ಜೋರು ಮಾಡಲು ಕಲಿಯಲಿ.

ಹುಡುಗನಿಗೆ ಮೊದಲು ಬೇಸರವಾಯಿತು. ಆದರೂ ವಾರ ಮುಗಿಯುವ ಹಿಂದಿನ ರಾತ್ರಿ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಮೂರನೆಯ ಗುಂಡಿಯನ್ನು ಸೊನ್ನೆಗಿಟ್ಟು, ಟೋನನ್ನು ಮೂರಕ್ಕಿಳಿಸಿ ಏನನ್ನೋ ಮೆಲ್ಲಗೆ ಬಾರಿಸುತ್ತಿದ್ದ. ತಂಗಿ ಬಡಿಸುತ್ತಿದ್ದ ಸೌಟನ್ನು ಹಿಡಿದು ಒಂದು ಕ್ಷಣ ನಿಂತಳು. "ಇದೇನೋ ಚೆನ್ನಾಗಿದೆಯಲ್ಲೊ, ಇಷ್ಟು ದಿನ ಯಾಕೆ ಹೀಗೆ ಬಾರಿಸಲಿಲ್ಲ?" ಎಂದಳು. ಮರುದಿನ ಗಿಟಾರು ಹಿರಿಯರ ಮನೆಗೆ ಮರಳಿತು.