ಹಳೆಯದು ಬೇಕು, ಹೊಸದು ಹೋಗಬಾರದು

ಕೊಳ್ಳೇಗಾಲದ ಸೀರೆ ಅಂಗಡಿಯ ಗುಮಾಸ್ತರಿಂದ ಹಿಡಿದು ಯಳಂದೂರಿನ ಡಿಟಿಪಿ ಅಂಗಡಿಯವರವರೆಗೆ ಎಲ್ಲರದೂ ಒಂದೇ ಬೇಡಿಕೆ: ‘ಸಾ, ನೆನ್ನೆ ಇದ್ದಂಗೆ ಮಾಡ್ಕೊಡಿ.’

ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕು ಒಂದು ಕ್ಷಣದಲ್ಲಿ ಹೇಗಿತ್ತೆಂಬ ಚಿತ್ರ, ಇದ್ದರೆ ಅದು ನಿಮಿಷದ ಕೆಲಸ. ಆದರೆ ನಮ್ಮಲ್ಲೊಂದು ರೋಲ್‌ಬ್ಯಾಕ್ ಪಂಗಡವಿದೆ. ಒಂದು ಫೈಲ್ ಕೆಟ್ಟರೂ ಸಾಕು, ಇಡೀ ವಾಲ್ಯೂಮನ್ನೇ ನಿನ್ನೆಗೆ ಒಯ್ದುಬಿಡುತ್ತಾರೆ. ಬೆಳಿಗ್ಗೆಯಿಂದ ಹಾಕಿದ ಬಿಲ್ಲುಗಳ ಗತಿ? ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಂತೂ ಹಳೆಯ ಸ್ನ್ಯಾಪ್‌ಶಾಟಿಗೆ ಮರಳಬೇಕಾದರೆ ಅದರ ನಂತರದವನ್ನೆಲ್ಲ ಅಳಿಸಬೇಕು. ಆಮೇಲೆ ತಲೆ ಚಚ್ಚಿಕೊಂಡರೂ ಅವು ಬಾರವು. ನನ್ನ ಮತ ಹಳೆಯದೇ: ಸ್ನ್ಯಾಪ್‌ಶಾಟ್ ತೆರೆದು, ಬೇಕಾದ್ದನ್ನಷ್ಟೇ ಬೇರೆ ಜಾಗಕ್ಕೆ ನಕಲು ಮಾಡಿಕೊಳ್ಳಿ. ವಿಂಡೋಸ್‌ನ ‘ಪ್ರೀವಿಯಸ್ ವರ್ಷನ್ಸ್’ ಇರುವುದೂ ಇದಕ್ಕೇ. ಲೆಕ್ಕದ ತಂತ್ರಾಂಶ ಟ್ಯಾಲಿಯಾದರೆ ಒಂದೆರಡು ಫೈಲ್ ಸಾಲದು, ಆ ಕಂಪನಿಯ ಫೋಲ್ಡರ್ ಪೂರ್ತಿ ಬೇಕು.

ಈ ವಿವೇಕವನ್ನು ನಮ್ಮ ಸೀಮೆಗೆ ಕಂಪ್ಯೂಟರ್ ಬಂದು ಕಲಿಸಬೇಕಾಗಿಲ್ಲ. ಕೊಳ್ಳೇಗಾಲ ತಾಲ್ಲೂಕು, ಇಂದಿನ ಹನೂರೂ ಸೇರಿ, 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮಗ್ಗುಲಲ್ಲೇ ಇರುವ ಯಳಂದೂರು ಮೈಸೂರಿನದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಸೀಮೆ. ಮುಂದೆ ಎಲ್ಲವೂ ಮೈಸೂರು ಜಿಲ್ಲೆಯಾಯಿತು, 1997ರಲ್ಲಿ ಚಾಮರಾಜನಗರವಾಯಿತು, ಹನೂರು ತಾನೇ ತಾಲ್ಲೂಕಾಯಿತು. 1950ರಲ್ಲಿ ಜಮೀನು ಯಾರ ಹೆಸರಿನಲ್ಲಿತ್ತು ಎಂಬ ವ್ಯಾಜ್ಯ ಎದ್ದರೆ ವಕೀಲರು ಅಂದಿನ ದಾಖಲೆಯ ದೃಢೀಕೃತ ನಕಲು ತರಿಸುತ್ತಾರೆ. ಅದಕ್ಕಾಗಿ ಕೊಳ್ಳೇಗಾಲವನ್ನೇ ಕೊಯಮತ್ತೂರಿಗೆ ವಾಪಸ್ ಸೇರಿಸಿ ಎಂದು ಯಾರೂ ಅರ್ಜಿ ಹಾಕುವುದಿಲ್ಲ. ರೋಲ್‌ಬ್ಯಾಕ್ ಪಂಗಡದವರು ಹಾಕುತ್ತಾರೇನೋ!

ಹಾಗೆಂದು ಸ್ನ್ಯಾಪ್‌ಶಾಟೇ ಬ್ಯಾಕಪ್ ಎಂದು ನಂಬಿ ಕೂರಬೇಡಿ. ಬದಲಾಗದ ಬ್ಲಾಕುಗಳು ಹಳೆಯದಕ್ಕೂ ಹೊಸದಕ್ಕೂ ಅವೇ. ಡಿಸ್ಕ್ ಸುಟ್ಟರೆ ಎರಡೂ ಹೋದವು. 2017ರ ಮೇನಲ್ಲಿ ಹಬ್ಬಿದ ಸುಲಿಗೆ ತಂತ್ರಾಂಶ ವನ್ನಾಕ್ರೈ, ವಿಂಡೋಸ್‌ನ ಸ್ನ್ಯಾಪ್‌ಶಾಟ್‌ಗಳಾದ ಶ್ಯಾಡೋ ಕಾಪಿಗಳನ್ನೂ ಬಿಡದೆ ಅಳಿಸುತ್ತಿತ್ತು. ಅದೇ ವರ್ಷ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರ ಕೈತಪ್ಪಿನಿಂದ ಮುಖ್ಯ ಡೇಟಾಬೇಸೇ ಅಳಿಸಿಹೋಯಿತು. ಮಾಮೂಲಿ ಬ್ಯಾಕಪ್‌ಗಳು ಕೈಕೊಟ್ಟವು. ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿದ್ದ ಲಿನಕ್ಸ್‌ನ ಎಲ್‌ವಿಎಂ ಸ್ನ್ಯಾಪ್‌ಶಾಟ್ ಮಾನ ಉಳಿಸಿತು. ಆ ಆರು ಗಂಟೆಗಳ ದತ್ತಾಂಶ ಮಾತ್ರ ಹೋಯಿತು.

ಆದ್ದರಿಂದ ಸ್ನ್ಯಾಪ್‌ಶಾಟ್ ಗಂಟೆಗೊಂದು ಇರಲಿ, ಬ್ಯಾಕಪ್ ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ ಇರಲಿ. ಈ ಭಾನುವಾರ ಎರಡರಿಂದಲೂ ಒಂದೊಂದು ಹಳೆಯ ಬಿಲ್ಲು ತೆಗೆದು ತೆರೆದು ನೋಡಿ. ತೆರೆಯದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.