ಪೀಠದ ಮೇಲೆ ನೇಪಲ್ಸ್‌ನವನು

ಸ್ಟೆನೋ ಎಂದೇ ಹೆಸರಾದ ಸ್ಟೆಫಾನೊ ವಾಂಜಿನಾ ನಿರ್ದೇಶಿಸಿದ ‘ಉನ್ ಜೋರ್ನೊ ಇನ್ ಪ್ರೆತೂರಾ’ (1954) ಚಿತ್ರದಲ್ಲಿ ದೊಡ್ಡ ಕಥೆಯೇನೂ ಇಲ್ಲ. ರೋಮ್‌ನ ಒಂದು ಸಣ್ಣ ಕೋರ್ಟು, ಒಂದು ದಿನ, ಒಂದಾದ ಮೇಲೊಂದು ಪುಡಿ ಕೇಸು. (ಈ ಪ್ರೆತೂರಾ ಕೋರ್ಟುಗಳನ್ನೇ ಇಟಲಿ 1990ರ ದಶಕದ ಕೊನೆಗೆ ರದ್ದು ಮಾಡಿತು.) ನ್ಯಾಯಾಧೀಶನ ಪಾತ್ರ ಪೆಪ್ಪಿನೊ ದೆ ಫಿಲಿಪ್ಪೊನದು. ನೇಪಲ್ಸ್‌ನಲ್ಲಿ ಹುಟ್ಟಿ, ಅಣ್ಣ ಎದುವಾರ್ದೊ, ಅಕ್ಕ ತಿತೀನಾ ಜೊತೆ ಅಲ್ಲಿನ ರಂಗಭೂಮಿಯಲ್ಲಿ ಬೆಳೆದ ನಟ. ಅಂದರೆ, ರೋಮ್‌ನವರಿಗೆ ತೀರ್ಪು ಕೊಡುವ ದನಿ ದಕ್ಷಿಣದ್ದು.

ಮುಂಬೈಯಲ್ಲಿ ಅರ್ಧ ಆಯಸ್ಸು ಕಳೆದ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಹಿಂದಿ ಸಿನಿಮಾಕ್ಕೆ ವಿಂಧ್ಯದ ಕೆಳಗಿನವರೆಲ್ಲ ಬಹಳ ಕಾಲ ‘ಮದ್ರಾಸಿ’ಗಳೇ, ಕನ್ನಡ, ತಮಿಳು ಅಂತ ಬೇರೆ ಮಾಡೋ ತಾಪತ್ರಯ ಯಾರಿಗೂ ಬೇಕಿರಲಿಲ್ಲ. 1968ರ ‘ಪಡೋಸನ್’ನಲ್ಲಿ ಮೆಹಮೂದ್ ಮಾಡಿದ ತಮಿಳು ಸಂಗೀತದ ಮೇಷ್ಟ್ರನ್ನು ನೋಡಿ ನಾವೂ ಹೊಟ್ಟೆ ಹಿಡಿದು ನಕ್ಕಿದ್ದೇವೆ, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿ ಉಚ್ಚಾರವೇ ಅಪರಾಧ. ಸ್ಟೆನೋ ಅಂಥ ಉಚ್ಚಾರವನ್ನು ಕಟಕಟೆಯಿಂದ ಇಳಿಸಿ ಪೀಠಕ್ಕೇರಿಸಿದ. ನಗು ಅಲ್ಲೂ ಇದೆ. ಆದರೆ ಮರ್ಯಾದೆಯ ಲೆಕ್ಕ ತಿರುಗಿದೆ. ಇಂಗ್ಲಿಷ್ ಸಬ್‌ಟೈಟಲ್ ಇದನ್ನೆಲ್ಲ ಇಸ್ತ್ರಿ ಹಾಕಿ ಒಂದೇ ಸಮ ಮಾಡುತ್ತದೆ. ನಮ್ಮ ಹುಬ್ಬಳ್ಳಿಯವನಿಗೂ ಕುಂದಾಪುರದವನಿಗೂ ಒಂದೇ ಮಾತು ಬರೆದುಕೊಟ್ಟ ಹಾಗೆ.

ಆಲ್ಬೆರ್ತೊ ಸೋರ್ದಿಯ ನಾಂದೊ ಇದಕ್ಕೆ ಉಲ್ಟಾ. ರೋಮ್‌ನವನೇ, ಆದರೆ ತಲೆ ತುಂಬ ಅಮೆರಿಕ. ಹಳ್ಳದಲ್ಲಿ ಬೆತ್ತಲೆ ಈಜಿ ಕೋರ್ಟು ಹತ್ತಿದ್ದಾನೆ. ಊರು ಬಿಡದೆಯೇ ಪರದೇಶಿಯಾದವನು! ಪಾತ್ರ ಎಷ್ಟು ಹಿಡಿಸಿತೆಂದರೆ ಅದೇ 1954ರಲ್ಲಿ ‘ಉನ್ ಅಮೆರಿಕಾನೊ ಅ ರೋಮಾ’ ಎಂದು ಅವನದೇ ಸಿನಿಮಾ ಬಂತು.

ಹೆಂಗಸರ ವಿಷಯಕ್ಕೆ ಬಂದರೆ ಈ ಧಾರಾಳತನ ಕಾಣೋಲ್ಲ. ಸಿಲ್ವಾನಾ ಪಂಪನೀನಿ, ಆಗಿನ್ನೂ ಇಪ್ಪತ್ತು ತುಂಬದ ಸೋಫಿಯಾ ಲೋರೆನ್ ಇದ್ದಾರೆ. ಕ್ಯಾಮೆರಾ ಅವರನ್ನು ನೋಡುವಷ್ಟು ಅವರ ಮಾತು ಕೇಳೋದಿಲ್ಲ. ಇದು ಸ್ಟೆನೋ ಒಬ್ಬನ ಚಾಳಿಯೂ ಅಲ್ಲ. ಬ್ಲಾಸೆತ್ತಿಯ ‘ಆಲ್ತ್ರಿ ತೆಂಪಿ’ಯಲ್ಲಿ (1952) ವಕೀಲನಾದ ವಿತ್ತೋರಿಯೊ ದೆ ಸೀಕಾ, ಜೀನಾ ಲೊಲ್ಲೊಬ್ರಿಜಿದಾಳ ಚೆಲುವನ್ನೇ ವಾದವಾಗಿ ಮುಂದಿಟ್ಟು ಕೇಸು ನಡೆಸುತ್ತಾನೆ. ಹಾಸ್ಯ ಸೊಗಸಾಗಿದೆ, ನಿಜ. ಆಕೆಗೆ ಹೇಳೋದು ಏನಿತ್ತು ಅಂತ ಯಾರೂ ಕೇಳೋದಿಲ್ಲ.

ನನಗೆ ಹೆಚ್ಚು ಖಟಕಿದ್ದು ಇನ್ನೊಂದು. ಮುಸೊಲಿನಿ ಕಾಲದ 1939ರ ಕಾನೂನೊಂದು ಆಗಿನ್ನೂ ಜೀವಂತವಾಗಿತ್ತು. ಕೆಲಸ ಇದ್ದರಷ್ಟೇ ದೊಡ್ಡ ಊರಿನ ವಾಸದ ದಾಖಲೆ; ಆ ದಾಖಲೆ ಇದ್ದರಷ್ಟೇ ಕೆಲಸ. ದಕ್ಷಿಣದಿಂದ ಹೊಟ್ಟೆಪಾಡಿಗೆ ಬಂದ ಎಷ್ಟೋ ಜನ ಸ್ವಂತ ದೇಶದಲ್ಲೇ ಕದ್ದು ಬದುಕಿದರು. ಅದನ್ನು ತೆಗೆದದ್ದು 1961ರಲ್ಲಿ. ಈ ಕೋರ್ಟಿನ ದಿನಚರಿಯಲ್ಲಿ ಅಂಥ ಕೇಸು ನನ್ನ ಕಣ್ಣಿಗೆ ಬೀಳಲಿಲ್ಲ. ರೇಷನ್ ಕಾರ್ಡಿಗಾಗಿ ಆಫೀಸಿನಿಂದ ಆಫೀಸಿಗೆ ಅಲೆದವರಿಗೆ ಈ ಕೊರತೆ ಬೇಗ ಕಾಣುತ್ತೆ. ಅಂಥ ಒಬ್ಬನನ್ನು ಐದೇ ನಿಮಿಷ ಕಟಕಟೆಗೆ ಕರೆಸಿದ್ದರೂ, ಪೆಪ್ಪಿನೊ ತನ್ನ ಊರಿನ ದನಿಯಲ್ಲಿ ಅವನಿಗೆ ಏನು ಹೇಳುತ್ತಿದ್ದನೋ ನೋಡಬೇಕಿತ್ತು.