ಬಣ್ಣದ ಪೆಟ್ಟಿಗೆಯೊಳಗಿನ ಶಾಸನಪಾಠ

ಇತ್ತೀಚೆಗೆ ಶಾಸನಗಳ ಮೇಲಿನ ಬರಹ ಫೋನಿನಲ್ಲಿ ತೆರೆದರೆ ಮೊದಲು ಕಣ್ಣಿಗೆ ಬೀಳೋದು ಬಣ್ಣದ ಪೆಟ್ಟಿಗೆ. ಒಳಗೆ ಶಾಸನಪಾಠ: ಓರೆ ಅಕ್ಷರ, ನಡುವಿಗೆ ಜೋಡಿಸಿದ ಸಾಲು, ದೊಡ್ಡ ಉದ್ಧರಣ ಚಿಹ್ನೆ. ನೋಡಾಕ ಚಂದ, ಇಲ್ಲಂತಿಲ್ಲ. ಪಾಠವನ್ನು ಲೇಖಕರ ಮಾತಿನಿಂದ ಬೇರೆ ಮಾಡಿ ತೋರಿಸಲೇಬೇಕು. ನನ್ನ ತಕರಾರು, ಚಂದ ಮಾಡಲು ಹೋಗಿ ಏನನ್ನು ಒರೆಸಿ ಹಾಕ್ತೀವಿ ಅನ್ನೋದರ ಬಗ್ಗೆ.

ಮೊದಲು ಹೋಗೋದು ಆವರಣ ಚಿಹ್ನೆ. ಎಪಿಗ್ರಾಫಿಯಾ ಇಂಡಿಕಾದ ರೂಢಿಯಂತೆ ಚೌಕ ಆವರಣದ ಅಕ್ಷರ ಅಂದ್ರೆ ಕಲ್ಲು ಸವೆದು ಸ್ಪಷ್ಟವಾಗಿಲ್ಲ. ಜೊತೆಗೆ ನಕ್ಷತ್ರ ಚಿಹ್ನೆ ಇದ್ದರೆ ಅದು ಕಲ್ಲಿನಲ್ಲಿಲ್ಲ, ಸಂಪಾದಕರು ತುಂಬಿದ್ದು. ದುಂಡು ಆವರಣ ಅಂದ್ರೆ ತಿದ್ದುಪಡಿ. ಓದಲಿಕ್ಕೆ ಅಡ್ಡಿ ಅಂತ ಇವನ್ನು ತೆಗೆದರೆ ಊಹೆಯೂ ಕಲ್ಲಿನ ಮಾತೂ ಒಂದೇ ಆಗ್ತವೆ. ನಮ್ಮ ಗಲಗಲಿ, ಬೀಳಗಿ, ಜಮಖಂಡಿ ಕಡೆ ಇದು ಬರೀ ಪಂಡಿತರ ಜಗಳ ಅಲ್ಲ. ಊರ ಹೆಸರಿನ ಒಂದು ಅಕ್ಷರ ಆವರಣದಲ್ಲಿತ್ತು ಅಂತಿಟ್ಟುಕೊಳ್ಳಿ. ಪೆಟ್ಟಿಗೆಯಿಂದ ಜಾತ್ರೆಯ ಫ್ಲೆಕ್ಸಿಗೆ, ಅಲ್ಲಿಂದ ಊರಿನ ಇತಿಹಾಸದ ಪುಸ್ತಕಕ್ಕೆ ಹೋಗುವಷ್ಟರಲ್ಲಿ "ನಮ್ಮೂರ ಹೆಸರು ಶಾಸನದಾಗ ಐತಿ" ಅಂತಾಗಿರುತ್ತದೆ. ಆಮೇಲೆ ಅಲ್ಲ ಅನ್ನೋರು ಯಾರ್ರಿ?

ಎರಡನೇದು ಸಾಲು. ನಮ್ಮ ಜಿಲ್ಲೆಯದೇ ಉದಾಹರಣೆ, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ. ಕಾಲ ಸುಮಾರು ಕ್ರಿ.ಶ. 700, ಬಂಡೆಯ ಮೇಲೆ 10 ಸಾಲು. ಅದರ ತ್ರಿಪದಿಯನ್ನು ಮೂರು ಸಾಲಾಗಿ ನಡುವಿಗೆ ಜೋಡಿಸಿ ಹಾಕೋದು ರೂಢಿಯಾಗಿದೆ. ಛಂದಸ್ಸು ತೋರಿಸಲಿಕ್ಕೆ ಅದು ಸರಿ. ಆದರೆ ಬಂಡೆಯ ಸಾಲು ಪಾದದ ನಡುವೆಯೂ ಮುರಿಯುತ್ತದೆ. ಪಡಿಯಚ್ಚಿನ ಚಿತ್ರ ಪಕ್ಕದಲ್ಲಿಟ್ಟು ಅಕ್ಷರ ಕೂಡಿಸುವ ಹೊಸ ಓದುಗ ಅಲ್ಲೇ ದಾರಿ ತಪ್ತಾನೆ. ಫ್ಲೀಟ್ 1881ರಲ್ಲಿ ಇಂಡಿಯನ್ ಆಂಟಿಕ್ವೆರಿಯಲ್ಲಿ ಇದನ್ನು ಪ್ರಕಟಿಸಿದಾಗಲೇ ಸಾಲುಸಂಖ್ಯೆ ಕೊಟ್ಟಿದ್ದರು. ಸಂಖ್ಯೆ ಹಾಕಿದ ಪಾಠ ಮೊದಲು, ತ್ರಿಪದಿ ಅದರ ಕೆಳಗೆ ಬರಲಿ; ಪರದೆಯಲ್ಲಿ ಜಾಗಕ್ಕೇನು ಬರವೇ?

ಇನ್ನು ಓರೆ ಅಕ್ಷರ. ಇಟಾಲಿಕ್ ರೋಮನ್ ಲಿಪಿಯ ಸಂಪ್ರದಾಯ. ಕನ್ನಡದ ಹೆಚ್ಚಿನ ಫಾಂಟ್‌ಗಳಲ್ಲಿ ಅದಿಲ್ಲ, ಯಂತ್ರವೇ ನೆಟ್ಟಗಿನ ಅಕ್ಷರವನ್ನು ವಾಲಿಸುತ್ತದೆ. ಒತ್ತಕ್ಷರದ ಗತಿ ನೀವೇ ನೋಡಿರ್ತೀರಿ. ಅಲಂಕಾರದ ಫಾಂಟ್‌ಗಳ ಪಾಡು ಇನ್ನೂ ಬೇರೆ. ಱ, ೞ ಎಷ್ಟೋ ಫಾಂಟ್‌ಗಳಲ್ಲಿ ಇರೋದೇ ಇಲ್ಲ. ಬೇರೆ ಫಾಂಟಿನಿಂದ ಎರವಲು ಬಂದು ಒಂದೇ ಪದದಲ್ಲಿ ಒಂದಕ್ಷರ ದಪ್ಪ, ಒಂದು ತೆಳು. ಬೇಸತ್ತು ರ, ಳ ಅಂತ ಬದಲಿಸಿದರೆ ಶಾಸನದ ಕಾಲ ಊಹಿಸಲು ನೆರವಾಗುವ ಒಂದು ಸಾಕ್ಷಿ ಹೋಯಿತು. (ಯುನಿಕೋಡ್‌ನಲ್ಲಿ ೞಕ್ಕೆ ತಪ್ಪಾಗಿ 'ಎಫ್‌ಎ' ಅಂತ ಹೆಸರಿಟ್ಟಿದ್ದು ಇಂದಿಗೂ ಹಾಗೇ ಇದೆ, ಪಾಪ.)

ಕಲ್ಲು ಕೆತ್ತಿದವರಿಗೂ ಅಲಂಕಾರ ಗೊತ್ತಿತ್ತು. ಸೂರ್ಯ, ಚಂದ್ರ, ಲಿಂಗ, ಹಸು-ಕರು ಎಲ್ಲ ಮೇಲ್ಭಾಗದಲ್ಲಿ. ಅಕ್ಷರ ಅದರ ಕೆಳಗೆ, ಬೇರೆಯಾಗಿ. ನಾನು ಕೇಳೋದೂ ಅಷ್ಟೇ: ತೆಳು ಅಂಚು, ತಿಳಿ ಹಿನ್ನೆಲೆ, ಎಡಕ್ಕೆ ಜೋಡಿಸಿದ ನೆಟ್ಟಗಿನ ಅಕ್ಷರ, ಬೂದುಬಣ್ಣದ ಸಾಲುಸಂಖ್ಯೆ, ಇದ್ದಲ್ಲೇ ಇರುವ ಆವರಣಗಳು, ಕೆಳಗೆ ಸಂಪುಟ ಮತ್ತು ಶಾಸನದ ಸಂಖ್ಯೆ.